ಆಡಿದರೆ ಉಳಿಯುವ ಆಟ: ಮುಮ್ಮಡಿಯವರ ಕೌತುಕ ನಿಧಿ

ಮೈಸೂರಿನ ಜಗನ್ಮೋಹನ ಅರಮನೆಗೆ ಬಂದವರು ರವಿವರ್ಮನ ಚಿತ್ರಗಳ ಮುಂದೆ ನಿಲ್ಲುತ್ತಾರೆ. ಹಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮಹಡಿಯ ಮೇಲಿನ ರಂಗಮಹಲಿಗೆ ಹತ್ತುವ ಹೊತ್ತಿಗೆ ಕಾಲು ಸೋತಿರುತ್ತದೆ. ಅಲ್ಲಿನ ಗೋಡೆಗಳಲ್ಲಿ ಬಣ್ಣದಲ್ಲಿ ಬರೆದಿರುವ ಚೌಕಗಳು, ಮನೆಗಳು, ಎಲೆಗಳ ಸಾಲುಗಳು ಏನೆಂದು ಕೇಳುವವರು ಕಡಿಮೆ. ಅವು ಅಲಂಕಾರವಲ್ಲ, ಆಟಗಳು. 1861ರಲ್ಲಿ ಈ ಅರಮನೆಯನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಸಂಗ್ರಹಿಸಿದ, ತಿದ್ದಿದ, ತಾವೇ ಹೊಸದಾಗಿ ಹೂಡಿದ ಆಟಗಳು. ಒಬ್ಬ ದೊರೆ ತಾನು ಕಟ್ಟಿಸಿದ ಮನೆಯ ಗೋಡೆಗೆ ಯುದ್ಧವನ್ನೂ ಬೇಟೆಯನ್ನೂ ಬರೆಸುವುದು ಎಲ್ಲೆಡೆ ಇರುವ ವಾಡಿಕೆ. ಆಟದ ಪಟಗಳನ್ನು ಬರೆಸಿದ ದೊರೆ ಅಪರೂಪ.

ಆ ಆಟಗಳು ಹೇಗೆ ಹುಟ್ಟಿದವು, ಅವನ್ನು ಹೇಗೆ ಆಡುತ್ತಿದ್ದರು, ಆಮೇಲೆ ಅವು ಏನಾದವು ಎಂಬುದು ಮೈಸೂರಿನ ಚರಿತ್ರೆಯಲ್ಲಿ ನಾವು ಓದದೆ ದಾಟಿಸಿದ ಒಂದು ಅಧ್ಯಾಯ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ 30ರಂದು ಐದು ವರ್ಷದ ಬಾಲಕನನ್ನು ಮೈಸೂರಿನ ಗದ್ದುಗೆಗೆ ಏರಿಸಿದರು. ಹತ್ತು ವರ್ಷಕ್ಕೂ ಮಿಕ್ಕಿ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಆಮೇಲೆ ಅಧಿಕಾರ ಯುವಕ ದೊರೆಯ ಕೈಗೆ ಬಂತು, ಇಪ್ಪತ್ತು ವರ್ಷವಿತ್ತು, ಹೋಯಿತು. ನಗರ ಸೀಮೆಯ ರೈತರ ದಂಗೆಯನ್ನು ನೆಪವಾಗಿಟ್ಟುಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ. ಕಮಿಷನರ್ ಮಾರ್ಕ್ ಕಬ್ಬನ್ನನ ಕಚೇರಿ ಬೆಂಗಳೂರಿನಲ್ಲಿ ನೆಲೆಯೂರಿತು. ಮೈಸೂರಿನಲ್ಲಿ ಉಳಿದದ್ದು ಅರಮನೆ, ಬಿರುದು, ದಸರಾ, ಮತ್ತು 37 ವರ್ಷದ ಒಬ್ಬ ದೊರೆ. 1868ರ ಮಾರ್ಚ್ 27ರಂದು ಕಣ್ಣು ಮುಚ್ಚುವವರೆಗೂ ರಾಜ್ಯ ಅವರ ಕೈಗೆ ಮರಳಲಿಲ್ಲ.

ಕೆಲಸವಿಲ್ಲದ ರಾಜ ಆಟದಲ್ಲಿ ಕಾಲ ಕಳೆದ ಎಂದು ಈ ಕಥೆಯನ್ನು ಮುಗಿಸಿಬಿಡುವುದು ಸುಲಭ. ಆ ಕಾಲದ ದಾಖಲೆಗಳು ಹಾಗೆ ಹೇಳುವುದಿಲ್ಲ. ಅದೇ ದೊರೆ 1829ರಲ್ಲಿ ಕೋಟೆಯೊಳಗೆ ಪ್ರಸನ್ನಕೃಷ್ಣಸ್ವಾಮಿ ದೇವಸ್ಥಾನವನ್ನು ಕಟ್ಟಿಸಿದರು, 1833ರಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು, ಆಸ್ಥಾನದಲ್ಲಿ ಕವಿಗಳನ್ನೂ ಪಂಡಿತರನ್ನೂ ಚಿತ್ರಗಾರರನ್ನೂ ಕಲೆಹಾಕಿದರು, ಸ್ವಂತ ವಂಶವೃಕ್ಷವನ್ನು ಕಮಲದ ಆಕಾರದಲ್ಲಿ 'ಸಂತಾನಾಂಬುಜ'ವಾಗಿ ಬರೆಸಿದರು. ತಿಳಿದದ್ದನ್ನೆಲ್ಲ ವಿಂಗಡಿಸಿ, ಹೆಸರಿಟ್ಟು, ಚಿತ್ರ ಬರೆಸಿ, ಮುಂದಿನವರಿಗೆ ಒಪ್ಪಿಸಿ ಹೋಗಬೇಕೆಂಬ ಹಟ ಅವರ ಪ್ರತಿ ಕೆಲಸದಲ್ಲೂ ಎದ್ದು ಕಾಣುತ್ತದೆ.

ಆ ಹಟದ ಅತಿ ದೊಡ್ಡ ಫಲ 'ಶ್ರೀತತ್ತ್ವನಿಧಿ'. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂದು ಒಂಬತ್ತು ನಿಧಿಗಳ ಸಚಿತ್ರ ಮಹಾಕೋಶ ಅದು. ದೇವತೆಗಳ ರೂಪ, ಬಣ್ಣ, ಆಯುಧ, ವಾಹನಗಳ ವಿವರ ಮೊದಲ ನಿಧಿಗಳ ತುಂಬ ಹರಡಿದೆ; ಮೈಸೂರು ಶೈಲಿಯ ಚಿತ್ರಗಾರರಿಗೆ ಇದೇ ಆಕರ. ಕೊನೆಯ ಕೌತುಕ ನಿಧಿಯಲ್ಲಿ ಆಟಗಳಿವೆ. ದೇವರಿಂದ ಶುರುವಾದ ಗ್ರಂಥದಲ್ಲಿ ಆಟಕ್ಕೂ ಒಂದು ನಿಧಿಯನ್ನು ಮೀಸಲಿಟ್ಟರಲ್ಲ, ಅದರಲ್ಲೇ ಆ ದೊರೆಯ ಮನಸ್ಸು ತಿಳಿಯುತ್ತದೆ. ಆಟ ಅವರಿಗೆ ಬಿಡುವಿನ ಹೊತ್ತಿನ ಬಾಬತ್ತಾಗಿರಲಿಲ್ಲ. ಅದೂ ಒಂದು ವಿದ್ಯೆಯಾಗಿತ್ತು.

ಅವರು ಏನನ್ನು ಹೊಸದಾಗಿ ಮಾಡಿದರೆಂದು ತಿಳಿಯಬೇಕಾದರೆ ಮೊದಲು ಗಂಜೀಫಾ ಆಟದ ಬಗೆ ತಿಳಿಯಬೇಕು. ಬಾಬರ್ 1527ರಲ್ಲಿ ಸಿಂಧ್‌ನಲ್ಲಿದ್ದ ತನ್ನ ಸ್ನೇಹಿತ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿದ ಸಂಗತಿ ಅವನ ದಿನಚರಿಯಲ್ಲೇ ಇದೆ. ಅಕ್ಬರನ ಕಾಲದ ಎಲೆಗಳನ್ನು ಅಬುಲ್ ಫಜಲ್ ವಿವರವಾಗಿ ಬಣ್ಣಿಸಿದ್ದಾನೆ. ಮೊಗಲರ ಆಟ ದಕ್ಷಿಣಕ್ಕೂ ಪೂರ್ವಕ್ಕೂ ಹರಡಿದಂತೆ ಕತ್ತಿ, ನಾಣ್ಯಗಳ ಬದಲು ದಶಾವತಾರ ಬಂತು. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಬಣ್ಣ. ಒಂದೊಂದು ಬಣ್ಣಕ್ಕೆ ರಾಜ, ಪ್ರಧಾನಿ, ಒಂದರಿಂದ ಹತ್ತರವರೆಗಿನ ಎಲೆಗಳು. ಒಟ್ಟು 120. ಎಲೆಗಳು ದುಂಡಗೆ, ಬಟ್ಟೆಯನ್ನು ಹುಣಸೆಬೀಜದ ಅಂಟಿನಿಂದ ಗಟ್ಟಿ ಮಾಡಿ, ಮೇಲೆ ಬಣ್ಣ ಬರೆದು, ಅರಗಿನ ಹೊಳಪು ಕೊಡುತ್ತಿದ್ದರು. ಸಿರಿವಂತರಿಗೆ ದಂತದ ಎಲೆಗಳೂ ಇದ್ದವು.

ಮೂವರು ಕೂತರೆ ತಲೆಗೆ 40 ಎಲೆ. ಹಗಲಾದರೆ ರಾಮನ ರಾಜ ಕೈಯಲ್ಲಿರುವವನು ಆಟ ತೆಗೆಯಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇರುವವನು. ಐದು ಅವತಾರಗಳಲ್ಲಿ ಹತ್ತಕ್ಕೆ ಬೆಲೆ ಹೆಚ್ಚು, ಇನ್ನೈದರಲ್ಲಿ ಒಂದಕ್ಕೆ. ಇಸ್ಪೀಟಿನಂತೆ ತುರುಫು ಇಲ್ಲ. ಹೀಗಾಗಿ ಗೆಲುವೆಲ್ಲ ನೆನಪಿನ ಮೇಲೆ ನಿಂತಿದೆ. ಯಾವ ಎಲೆ ಬಿದ್ದಾಯಿತು, ಯಾವುದು ಇನ್ನೂ ಯಾರದೋ ಕೈಯಲ್ಲಿದೆ ಎಂದು 120 ಎಲೆಗಳ ಲೆಕ್ಕ ಇಟ್ಟವನೇ ಗೆಲ್ಲುತ್ತಾನೆ.

ಮುಮ್ಮಡಿಯವರು ಈ ಅಡಿಪಾಯದ ಮೇಲೆ ಕಟ್ಟಿದ ಆಟಗಳಿಗೆ 'ಛದ' ಎಂಬ ಹೆಸರಿದೆ. ಕೌತುಕ ನಿಧಿಯಲ್ಲಿ ಅಂಥ 13 ಆಟಗಳಿವೆ. ಅತಿ ಚಿಕ್ಕದರಲ್ಲಿ ನಾಲ್ಕು ಬಣ್ಣಗಳೂ 36 ಎಲೆಗಳೂ ಇದ್ದರೆ, ಅತಿ ದೊಡ್ಡದಾದ ಜಗನ್ಮೋಹನ ಛದದಲ್ಲಿ 18 ಬಣ್ಣಗಳು, 360 ಎಲೆಗಳು. ಚಾಮುಂಡೇಶ್ವರೀ ಛದದಲ್ಲಿ 16 ಬಣ್ಣಗಳು, 320 ಎಲೆಗಳು. ನವಗ್ರಹ, ಪಂಚಪಾಂಡವ, ದೇವೀ ದಶಾವತಾರ, ದಿಕ್ಪಾಲ ಎಂದು ಉಳಿದವಕ್ಕೆ ಹೆಸರುಗಳು. ಹಳೆಯ ಗಂಜೀಫಾದಲ್ಲಿ ರಾಜ, ಪ್ರಧಾನಿ ಎಂಬ ಎರಡೇ ದರ್ಬಾರು ಎಲೆಗಳಿದ್ದವು. ಮೈಸೂರಿನಲ್ಲಿ ಆ ದರ್ಬಾರು ಬೆಳೆಯಿತು; 216 ಎಲೆಗಳ ಆಟಗಳಲ್ಲಿ ಒಂದೊಂದು ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ದರ್ಬಾರು ಎಲೆ. ಅದಕ್ಕಿಂತ ದೊಡ್ಡ ಬದಲಾವಣೆ ಆಟದ ನಡೆಯಲ್ಲಿ ಆಯಿತು. ಹೆಚ್ಚಿನ ಛದಗಳಲ್ಲಿ ಒಂದು ಬಣ್ಣ ಸದಾ ತುರುಫು, ಜೊತೆಗೆ ಯಾವ ಎಲೆಯ ಬದಲಿಗಾದರೂ ನಿಲ್ಲಬಲ್ಲ ಎಲೆಗಳು. ನೆನಪಿನ ಲೆಕ್ಕವೊಂದರಿಂದಲೇ ಗೆಲ್ಲುತ್ತಿದ್ದ ಆಟಕ್ಕೆ ಹೀಗೆ ಅನಿರೀಕ್ಷಿತ ತಿರುವು ಬಂತು. ಕೈಯಲ್ಲಿ ಒಳ್ಳೆಯ ಎಲೆ ಇದ್ದವನು ಕೂಡ ಕೊನೆಯ ಸುತ್ತಿನವರೆಗೆ ನಿಶ್ಚಿಂತನಾಗಿ ಕೂರುವಂತಿಲ್ಲ. ಆಟ ಕಟ್ಟುವುದೆಂದರೆ ಇದೇ. ಸೋಲು ಗೆಲುವಿನ ತೂಕವನ್ನು ನಿಯಮದಿಂದ ಹದ ಮಾಡುವ ಈ ಕಲೆ ಮುಮ್ಮಡಿಯವರಿಗೆ ಒಲಿದಿತ್ತು.

ಎಲೆಯಾಟದಷ್ಟೇ ಚದುರಂಗವೂ ಅವರಿಗೆ ಪ್ರಿಯ. ಅದರಲ್ಲೂ ಕುದುರೆಯ ನಡೆ. ಪಟದ ಪ್ರತಿ ಮನೆಯನ್ನೂ ಒಂದೇ ಒಂದು ಸಲ ಮುಟ್ಟುವಂತೆ ಕುದುರೆಯನ್ನು ನಡೆಸುವ ಸಮಸ್ಯೆ ಭಾರತಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ಕುದುರೆ ನಡೆಯಲ್ಲಿ ಅಕ್ಷರಗಳನ್ನು ಹೆಣೆದಿದ್ದಾನೆ. ಮುಮ್ಮಡಿಯವರು ಅದಕ್ಕೆ ಇನ್ನೊಂದು ಕಟ್ಟುಪಾಡು ಸೇರಿಸಿದರು. 12 ಸಾಲು, 12 ಕಂಬಗಳ 144 ಮನೆಗಳ ಪಟದಲ್ಲಿ ಕುದುರೆ ಹೋದ ದಾರಿಗೆ 1ರಿಂದ 144ರವರೆಗೆ ಅಂಕಿ ಕೊಡುತ್ತ ಹೋದರೆ, ಯಾವ ಅಡ್ಡಸಾಲನ್ನು ಕೂಡಿದರೂ 870 ಬರಬೇಕು, ಯಾವ ಉದ್ದಸಾಲನ್ನು ಕೂಡಿದರೂ 870 ಬರಬೇಕು. ಇಂಥ ನಡೆಯನ್ನು ಅವರು ಸಾಧಿಸಿದ್ದರೆಂದು ಚದುರಂಗದ ಗಣಿತವನ್ನು ಬರೆದವರು ದಾಖಲಿಸಿದ್ದಾರೆ. ಎಂಟೆಂಟರ ಪಟದಲ್ಲಿ ಹೀಗೆ ಸಾಲುಗಳು ಸರಿದೂಗುವ ನಡೆಯನ್ನು ಇಂಗ್ಲೆಂಡಿನ ವಿಲಿಯಂ ಬೆವರ್ಲಿ ಪ್ರಕಟಿಸಿದ್ದು 1848ರಲ್ಲಿ. ಅದೇ ಪಟದಲ್ಲಿ ಮೂಲೆಯಿಂದ ಮೂಲೆಗೂ ಮೊತ್ತ ಸರಿಹೋಗುವ ನಡೆ ಅಸಾಧ್ಯವೆಂದು ತೀರ್ಮಾನವಾದದ್ದು 2003ರಲ್ಲಿ, ಕಂಪ್ಯೂಟರುಗಳು ತಿಂಗಳುಗಟ್ಟಲೆ ಲೆಕ್ಕ ಹಾಕಿದ ಮೇಲೆ. ಕಾಗದ, ಲೇಖನಿ, ತಾಳ್ಮೆಗಳನ್ನಷ್ಟೇ ನಂಬಿ ಮೈಸೂರಿನ ಅರಮನೆಯಲ್ಲಿ ನಡೆದ ಕೆಲಸದ ಎತ್ತರ ಎಷ್ಟೆಂದು ಇದರಿಂದ ಊಹಿಸಬಹುದು.

ಅರಮನೆಯ ಗೋಡೆಯಾಚೆ ಮೈಸೂರಿನ ಜನ ತಮ್ಮದೇ ಆಟಗಳನ್ನು ಆಡುತ್ತಿದ್ದರು. ಆಡು ಹುಲಿ, ಅಳಗುಳಿ ಮಣೆ, ಪಗಡೆ, ಚೌಕಾಬಾರ. ಇವಕ್ಕೆ ಗ್ರಂಥವೂ ಬೇಕಿಲ್ಲ, ಚಿತ್ರಗಾರನೂ ಬೇಕಿಲ್ಲ. ಹಂಪಿಯ ಮಂಟಪಗಳ ಕಲ್ಲುನೆಲದಲ್ಲಿ ಇಂಥ ಪಟಗಳನ್ನು ಕೊರೆದಿರುವುದನ್ನು ಈಗಲೂ ನೋಡಬಹುದು. ಜಗಲಿಯ ಮೇಲೆ ಬಳಪದಿಂದ ಐದೈದು ಮನೆ ಎಳೆದು ನಾಲ್ಕು ಕವಡೆ ಹಿಡಿದರೆ ಚೌಕಾಬಾರ ಶುರು. ಕವಡೆ ಇಲ್ಲದಿದ್ದರೆ ಒಂದು ಪಕ್ಕ ಉಜ್ಜಿದ ಹುಣಸೆಬೀಜ ಸಾಕು. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು. ಮಗು ಇದನ್ನು ಅಜ್ಜಿಯ ಪಕ್ಕದಲ್ಲಿ ಕೂತು ನೋಡಿಯೇ ಕಲಿಯುತ್ತದೆ.

ವೈಕುಂಠ ಏಕಾದಶಿಯ ಜಾಗರಣೆಗೆ ಪರಮಪದ ಸೋಪಾನಪಟ. ಕೆಳಗಿನ ಮನೆಯಿಂದ ಮೇಲಿನ ವೈಕುಂಠಕ್ಕೆ ಹತ್ತುವ ಆಟ. ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು. ಆಡುವವನ ಜಾಣತನಕ್ಕೆ ಇಲ್ಲಿ ಕೆಲಸವೇ ಇಲ್ಲ. ಕವಡೆ ಬಿದ್ದಂತೆ ಏಳು, ಬೀಳು. ಬಿದ್ದರೂ ಆಟದಿಂದ ಹೊರಗಲ್ಲ, ಮತ್ತೆ ಹತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಆಟ ಇಂಗ್ಲೆಂಡಿಗೆ ಹೋಯಿತು, ವೈಕುಂಠವನ್ನು ಕಳಚಿಕೊಂಡು ಮಕ್ಕಳ ಹಾವು ಏಣಿಯಾಯಿತು, ಅಚ್ಚಾದ ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಅಂಗಡಿಗಳಿಗೇ ಮರಳಿ ಬಂತು. ಪಗಡೆಯ ಬಳಗದ ಪಚ್ಚೀಸಿಯೂ ಹಾಗೆಯೇ 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆಯಿತು.

ಏಣಿ ಹತ್ತುವ ಆಟ ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ಜನ್ಮ ತಾಳಿತು. ಅದು ಜಪಾನಿನ ಕತೆಯಾದರೂ ಮೈಸೂರಿನವರು ತಿಳಿಯಬೇಕಾದದ್ದು. 1889ರಲ್ಲಿ ಫುಸಾಜಿರೊ ಯಮಾವುಚಿ ಎಂಬಾತ ಕ್ಯೋಟೊ ನಗರದಲ್ಲಿ ಕೈಯಿಂದ ಎಲೆ ತಯಾರಿಸುವ ಒಂದು ಅಂಗಡಿ ಇಟ್ಟ. ಕ್ಯೋಟೊ ಕೂಡ ಮೈಸೂರಿನಂತೆ ಹಳೆಯ ರಾಜಧಾನಿ, ಕುಶಲಕರ್ಮಿಗಳ ಊರು. ಅವನ ಎಲೆಗಳ ಹೆಸರು ಹನಫುಡಾ. ಹನ್ನೆರಡು ತಿಂಗಳಿಗೆ ಹನ್ನೆರಡು ಹೂವಿನ ಬಣ್ಣ, ಒಟ್ಟು 48. ಅಂಗಡಿಯ ಹೆಸರು ನಿಂಟೆಂಡೊ. ಎಲೆ ಮಾರಿಕೊಂಡೇ ಮೂರು ತಲೆಮಾರು ದಾಟಿದ ಆ ಸಂಸ್ಥೆ 1970ರ ದಶಕದಲ್ಲಿ ನಾಣ್ಯ ಹಾಕಿ ಆಡುವ ವಿಡಿಯೊ ಗೇಮುಗಳಿಗೆ ಕೈ ಹಾಕಿತು. ಅಮೆರಿಕಕ್ಕೆ ಕಳಿಸಿದ ಒಂದು ಆಟದ ಪೆಟ್ಟಿಗೆಗಳು ಮಾರಾಟವಾಗದೆ ಕೂತಾಗ, ಅವನ್ನೇ ಬಳಸಿ ಹೊಸ ಆಟ ಮಾಡಿಕೊಡೆಂದು ಶಿಗೆರು ಮಿಯಾಮೊಟೊ ಎಂಬ ಯುವ ವಿನ್ಯಾಸಕಾರನಿಗೆ ಹೇಳಿದರು. 1981ರಲ್ಲಿ ಬಂದ ಆ ಆಟವೇ ಡಾಂಕಿ ಕಾಂಗ್.

ಗೊರಿಲ್ಲಾ ಒಂದು ಹೆಣ್ಣನ್ನು ಹೊತ್ತು ಕಟ್ಟಡದ ತುದಿಗೆ ಏರಿದೆ. ಕೆಳಗೊಬ್ಬ ಬಡಗಿ. ಗೊರಿಲ್ಲಾ ಉರುಳಿಸುವ ಪೀಪಾಯಿಗಳನ್ನು ನೆಗೆದು ದಾಟುತ್ತ, ಏಣಿ ಹತ್ತುತ್ತ, ಅಟ್ಟದಿಂದ ಅಟ್ಟಕ್ಕೆ ಏರಿ ಅವನು ಅವಳನ್ನು ತಲುಪಬೇಕು. 25, 50, 75, 100 ಮೀಟರ್ ಎತ್ತರದ ನಾಲ್ಕು ಹಂತಗಳು, ಪ್ರತಿ ಹಂತಕ್ಕೂ ಬೇರೆ ತೊಡಕು. ಪರದೆಯ ಮೇಲೆ ಶುರು, ನಡು, ಕೊನೆ ಇರುವ ಕತೆಯೊಂದನ್ನು ಆಡುತ್ತ ಕಾಣುವುದು ಆಗಿನವರಿಗೆ ಹೊಸತು. ಆ ಬಡಗಿಗೆ ಆಮೇಲೆ ಮಾರಿಯೊ ಎಂಬ ಹೆಸರು ಬಂತು. ಪರಮಪದದಲ್ಲಿ ಕವಡೆ ನಿರ್ಧರಿಸುತ್ತಿದ್ದ ಏಳುಬೀಳನ್ನು ಇಲ್ಲಿ ಬೆರಳಿನ ಚುರುಕು ನಿರ್ಧರಿಸುತ್ತದೆ. ಸೋತವನು ಇನ್ನೊಂದು ನಾಣ್ಯ ಹಾಕುತ್ತಾನೆ, ಈ ಸಲ ಒಂದು ಏಣಿ ಹೆಚ್ಚು ಹತ್ತುತ್ತಾನೆ. ನೆಗೆಯುವ, ಹತ್ತುವ ಆಟಗಳ ಒಂದು ದೊಡ್ಡ ವಂಶವೇ ಅಲ್ಲಿಂದ ಬೆಳೆಯಿತು.

ಎರಡು ರಾಜಧಾನಿಗಳು, ಎರಡೂ ಕಡೆ ಕೈಯಲ್ಲಿ ಬರೆದ ಎಲೆಗಳು. ಕ್ಯೋಟೊದ ಎಲೆ ಜಗತ್ತನ್ನು ಸುತ್ತಿತು, ಮೈಸೂರಿನದು ಗೋಡೆಯ ಮೇಲೆ ನಿಂತಿತು. ಮುಮ್ಮಡಿಯವರ ಕಲ್ಪನೆ ಯಾವ ವಿನ್ಯಾಸಕಾರನಿಗೂ ಕಡಿಮೆಯಾಗಿರಲಿಲ್ಲ. ಕೊರತೆ ಇದ್ದದ್ದು ಆಟದಲ್ಲಲ್ಲ, ಆಡುವ ಕೈಗಳಲ್ಲಿ. 360 ಎಲೆಗಳನ್ನು ಒಂದೊಂದಾಗಿ ಬರೆಯಲು ಆಸ್ಥಾನದ ಚಿತ್ರಗಾರರು ಬೇಕು. ನಿಯಮಗಳನ್ನು ನೆನಪಿಡಲು ಕಲಿತವರ ಕೂಟ ಬೇಕು. ಇವೆರಡೂ ಇದ್ದದ್ದು ಅರಮನೆಯೊಳಗೆ ಮಾತ್ರ. ದೊರೆಯ ಕಾಲ ಮುಗಿದ ಮೇಲೆ ಆ ಕೂಟವೂ ಚದುರಿತು. ಅತ್ತ ಲಂಡನ್ನಿನ ಥಾಮಸ್ ಡಿ ಲಾ ರೂ 1830ರ ದಶಕದ ಆರಂಭದಲ್ಲೇ ಇಸ್ಪೀಟು ಎಲೆಗಳನ್ನು ಬಣ್ಣದಲ್ಲಿ ಅಚ್ಚು ಹಾಕುವ ಕ್ರಮಕ್ಕೆ ಪೇಟೆಂಟ್ ಪಡೆದಿದ್ದ. 52 ಎಲೆಗಳ ಅಗ್ಗದ ಕಟ್ಟು ಭಾರತದ ಊರೂರಿಗೂ ಬಂದಾಗ ಗಂಜೀಫಾವೇ ತತ್ತರಿಸಿತು, ಇನ್ನು ಛದದ ಪಾಡೇನು? ಅರಮನೆಯಿಂದ ಪೇಟೆಗೆ ಇಳಿಯುವ ಮೆಟ್ಟಿಲು ಅದಕ್ಕೆ ಸಿಗಲಿಲ್ಲ. ಚೌಕಾಬಾರ ಮಾತ್ರ ಬದುಕಿತು. ಬಳಪ, ಹುಣಸೆಬೀಜ, ಅಜ್ಜಿ ಇರುವ ಮನೆಯಲ್ಲಿ ಅದನ್ನು ಕೊಲ್ಲುವುದು ಯಾವ ಅಚ್ಚಿನ ಯಂತ್ರಕ್ಕೂ ಸಾಧ್ಯವಿರಲಿಲ್ಲ.

ಇದೇ ಸತ್ಯವನ್ನು ಇನ್ನೂ ಹತ್ತಿರದಿಂದ ತೋರಿಸುವ ಉದಾಹರಣೆ ಜಗನ್ಮೋಹನ ಅರಮನೆಯಲ್ಲೇ ಇದೆ. ಕೌತುಕ ನಿಧಿಯಲ್ಲಿ ಆಟಗಳ ಜೊತೆಗೆ 122 ಯೋಗಾಸನಗಳ ಚಿತ್ರಗಳೂ ಇವೆ. ಕೆನಡಾದ ವಿದ್ವಾಂಸ ನಾರ್ಮನ್ ಸ್ಯೋಮನ್ 1996ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯ ಕುರಿತ ತನ್ನ ಪುಸ್ತಕದಲ್ಲಿ ಆ ಭಾಗವನ್ನು ಪ್ರಕಟಿಸಿದ. ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ 1933ರಲ್ಲಿ ಯೋಗಶಾಲೆ ನಡೆಸಲು ಜಾಗ ಕೊಟ್ಟದ್ದು ಇದೇ ಜಗನ್ಮೋಹನ ಅರಮನೆಯಲ್ಲಿ. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಕಡೆಯಿಂದ ಬಂದ ಪಟ್ಟಾಭಿ ಜೋಯಿಸ್ ಅವರೆಲ್ಲ ಕೃಷ್ಣಮಾಚಾರ್ಯರ ಶಿಷ್ಯರು. ಇಂದು ಯೋಗ ಕಲಿಯಲು ಜಗತ್ತಿನ ಮೂಲೆಮೂಲೆಯಿಂದ ಮೈಸೂರಿನ ಗೋಕುಲಂಗೆ ಬರುತ್ತಾರೆ. ಒಂದೇ ದೊರೆಯ ಗ್ರಂಥದ ಒಂದೇ ನಿಧಿಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ವಿದ್ಯೆಗಳು. ಒಂದಕ್ಕೆ ಗುರು ಸಿಕ್ಕ, ದಿನವೂ ಬರುವ ಹುಡುಗರು ಸಿಕ್ಕರು, ಅಭ್ಯಾಸ ಸಿಕ್ಕಿತು. ಇನ್ನೊಂದಕ್ಕೆ ಅದೇ ಮನೆಯ ಗೋಡೆ ಸಿಕ್ಕಿತು.

ಆದರೂ ಛದವನ್ನು ಪೂರ್ತಿ ಮರೆಯಲು ಕೆಲವರು ಬಿಡಲಿಲ್ಲ. ಜರ್ಮನಿಯಲ್ಲಿ ಹುಟ್ಟಿ 1933ರಲ್ಲಿ ಮುಂಬೈಗೆ ಬಂದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ದೇಶದ ಗಂಜೀಫಾ ಎಲೆಗಳನ್ನು ಹುಡುಕಿ ಸಂಗ್ರಹಿಸಿದರು. ಮೈಸೂರಿನ ಎಲೆಗಳ ಮೇಲೆಯೇ ಒಂದು ಪುಸ್ತಕ ಬರೆದು, ಶ್ರೀತತ್ತ್ವನಿಧಿಯ ಪಠ್ಯ ಮತ್ತು ಉಳಿದಿರುವ ಎಲೆಗಳನ್ನು ಎದುರುಬದುರು ಇಟ್ಟು ಓದಿದರು. ಗಂಜೀಫಾ ರಘುಪತಿ ಭಟ್ಟರು ಕರಾವಳಿಯಿಂದ ಬಂದು ಮೈಸೂರು, ಶ್ರೀರಂಗಪಟ್ಟಣಗಳಲ್ಲಿ ನೆಲೆಸಿ, ಕುಂಚದ ತುದಿಯಲ್ಲಿ ಈ ಕಲೆಗೆ ಮರುಜೀವ ಕೊಟ್ಟು ಶಿಷ್ಯರನ್ನೂ ತಯಾರು ಮಾಡಿದರು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಮೃಗಾಲಯದ ಎದುರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಆಡು ಹುಲಿ, ಪರಮಪದಗಳನ್ನು ಹೊಸದಾಗಿ ಮಾಡಿಸಿ ಜನರ ಕೈಗೆ ಕೊಟ್ಟಿದೆ. ಇವರೆಲ್ಲರಿಗೂ ಈ ಊರು ಋಣಿ.

ಈ ಕೆಲಸಗಳಲ್ಲಿ ಒಂದು ಹೆಜ್ಜೆ ಇನ್ನೂ ಉಳಿದಿದೆ. ಗಂಜೀಫಾ ಇಂದು ಹೆಚ್ಚಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಲೆ. ಕೊಳ್ಳುವವರಿಗೆ ಅದರ ಬಣ್ಣ ಗೊತ್ತು, ಆಡುವ ಬಗೆ ಗೊತ್ತಿಲ್ಲ. ಚಿತ್ರವನ್ನು ಉಳಿಸಿದರೆ ಚಿತ್ರಕಲೆ ಉಳಿಯುತ್ತದೆ. ಆಟ ಉಳಿಯಬೇಕಾದರೆ ಎಲೆ ಬೆರಳುಗಳ ನಡುವೆ ಸವೆಯಬೇಕು, ತಪ್ಪು ಎಲೆ ಹಾಕಿದವನನ್ನು ಜೊತೆಯವರು ಛೇಡಿಸಬೇಕು, ನಿಯಮದ ಬಗ್ಗೆ ಎರಡು ಮನೆಯವರು ಜಗಳವಾಡಬೇಕು. ಮುಮ್ಮಡಿಯವರು ನಿಯಮಗಳನ್ನು ಬರೆಸಿಟ್ಟದ್ದು ಆಡಲೆಂದೇ.

ಮೈಸೂರಿನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಸಂಸ್ಕೃತ ಬಲ್ಲ ವಿದ್ವಾಂಸರಿದ್ದಾರೆ, ಶ್ರೀತತ್ತ್ವನಿಧಿಯ ಶಕ್ತಿ, ವಿಷ್ಣು, ಶಿವ ನಿಧಿಗಳನ್ನು ಚಿತ್ರಸಹಿತ ಪ್ರಕಟಿಸಿದ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಚಿತ್ರಗಾರರಿದ್ದಾರೆ, ಅಚ್ಚುಕೂಟಗಳಿವೆ, ವರ್ಷಕ್ಕೊಮ್ಮೆ ಲಕ್ಷಾಂತರ ಜನ ಸೇರುವ ದಸರಾ ಇದೆ. ನಿಯಮಗಳನ್ನು ತಿಳಿಗನ್ನಡಕ್ಕೆ ತಂದು, ಎಲೆಗಳನ್ನು ಅಗ್ಗದ ದರದಲ್ಲಿ ಅಚ್ಚು ಹಾಕಿಸಿ, ಶಾಲೆಗಳಿಗೆ ಹಂಚಿ, ದಸರೆಯಲ್ಲಿ ಒಂದು ಪಂದ್ಯ ಏರ್ಪಡಿಸಿದರೆ ಸಾಕು. 360 ಎಲೆಗಳ ಜಗನ್ಮೋಹನಕ್ಕೆ ಇಂದೇ ಏಣಿ ಹಾಕಬೇಕಾಗಿಲ್ಲ. ಹದಿಮೂರರಲ್ಲಿ ಅತಿ ಚಿಕ್ಕದಾದ, ನಾಲ್ಕು ಬಣ್ಣಗಳ 36 ಎಲೆಗಳ ಆಟವಿದೆ. ಅಲ್ಲಿಂದ ಶುರು ಮಾಡಬಹುದು, ಮುಂದಿನ ದಸರೆಗೇ ಶುರು ಮಾಡಬಹುದು.